ಕಂದು ವೈರು, ಹಸಿರು ವೈರು

ಮಂಗಳವಾರ, ಮಧ್ಯಾಹ್ನ

ಕಿಡಿ ಮೇಷ್ಟ್ರಿಗೆ,

‘ಪ್ರಿಯ’ ಎಂದು ಬರೆಯಲು ಹೋದರೆ ಕೈ ಏಳಲಿಲ್ಲ. ‘ಮಾನ್ಯರೇ’ ಎಂದರೆ ಕರೆಂಟು ಆಫೀಸಿಗೆ ಅರ್ಜಿ ಹಾಕಿದ ಹಾಗಾಗುತ್ತದೆ. ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ. ಅದಕ್ಕೇ ಗಿರಾಕಿಗಳು ಇಟ್ಟ ಹೆಸರನ್ನೇ ಬಳಸಿದ್ದೇನೆ. ಸತ್ತ ಮೋಟರ್ ಸೈಕಲ್ಲಿನಲ್ಲೂ ಕಿಡಿ ಹುಟ್ಟಿಸುವ ಮೇಷ್ಟ್ರು ಎಂದು ಜನ ಹೇಳತೊಡಗಿದಾಗ ನೀವು ಎಷ್ಟು ಹಿಗ್ಗಿದ್ದಿರಿ ಎಂಬುದು ನೆನಪಿದೆ. ಆ ಹೆಸರಿನಲ್ಲಿ ಅರ್ಧ ಪಾಲು ನನ್ನದು. ಆದರೆ ಪಾಲು ಕೇಳಲು ಈ ಕಾಗದ ಬರೆಯುತ್ತಿಲ್ಲ, ಗಾಬರಿಯಾಗಬೇಡಿ.

ನಾನು ಕ್ಷೇಮ. ದರ್ಜಿ ಅಕ್ಕನ ಅಂಗಡಿಯ ಮೇಲಿನ ಕೋಣೆಯಲ್ಲೇ ಇದ್ದೇನೆ. ಗಿರಾಕಿ ತಂದ ಬಟ್ಟೆಗೆ ಹೊಂದುವ ನೂಲು ಆರಿಸಿ ಕೊಡುವುದು ನನ್ನ ಕೆಲಸ. ಒಂದೇ ನೀಲಿಯಲ್ಲಿ ಎಷ್ಟೊಂದು ನೀಲಿಗಳಿರುತ್ತವೆ ಎಂದು ನಿಮಗೆ ಹೇಳಿದರೆ ನಗುತ್ತೀರಿ. ಇಲ್ಲಿ ಬಣ್ಣ ಹೇಳಿದವರಿಗೆ ಸಂಬಳ ಕೊಡುತ್ತಾರೆ, ಒಳಗೆ ಹೋಗು ಎಂದು ಗದರುವುದಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದಕ್ಕೆ ಆ ಕಷ್ಟವಿಲ್ಲ, ಪೂರ್ತಿ ಕೇಳಲೇಬೇಕು. ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಬರೆದಿದ್ದೇನೆ, ಓದಲು ನಿಮಗೆ ಯಾವ ತೊಂದರೆಯೂ ಆಗದು.

ಮಗಳ ಮೋಟರ್ ಸೈಕಲ್ಲನ್ನು ನಾನು ಸರಿಮಾಡಿದ ಸುದ್ದಿ ನಿಮಗೆ ತಲುಪಿದೆ. ಆಮೇಲೆ ನೀವು ಆಡಿದ ಮಾತು ನನಗೂ ತಲುಪಿತು. ಅವಳು ನಿಮಗೆ ಫೋನ್ ಮಾಡಿ, ‘ಅಮ್ಮ ರಿಪೇರಿ ಮಾಡಿಬಿಟ್ಲು ಅಪ್ಪಾ, ನೀವೇನಾದ್ರೂ ಹೇಳ್ಕೊಟ್ಟಿದ್ರಾ?’ ಎಂದು ಕೇಳಿದಳಂತೆ. ನೀವು ಒಂದು ಕ್ಷಣ ಸುಮ್ಮನಿದ್ದು, ‘ಹೂಂ, ಎಲ್ಲಿ ನೋಡ್ಬೇಕು ಅಂತ ನಾನೇ ಹೇಳಿ ಕಳಿಸಿದ್ದೆ. ಇಲ್ದಿದ್ರೆ ಅವಳಿಗೇನು ಗೊತ್ತಾಗುತ್ತೆ?’ ಎಂದಿರಂತೆ. ಅವಳು ಅದನ್ನು ನನ್ನ ಮುಂದೆ ಸಂತೋಷದಿಂದ ಹೇಳಿದಳು. ಅಪ್ಪ ಅಮ್ಮ ಮತ್ತೆ ಮಾತಾಡುತ್ತಿದ್ದಾರೆ ಎಂಬ ಸಂತೋಷ ಅವಳದು. ನಾವು ಮಾತು ಬಿಟ್ಟು ವರ್ಷಗಳಾದವು ಎಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯೇ? ಆದರೂ ನಂಬಿದಳು. ಅಮ್ಮನಿಗೆ ತಾನಾಗಿ ಗೊತ್ತಿರಬಹುದು ಎಂದು ನಂಬುವುದಕ್ಕಿಂತ ಅದು ಸುಲಭವಾಗಿತ್ತು.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನುಂಗಿ ನುಂಗಿ ಗಂಟಲು ಅಗಲವಾಗಿದೆ. ಆದರೆ ಮಾತಿನ ಕೊನೆಗೆ ಅವಳು ಇನ್ನೊಂದು ಹೇಳಿದಳು. ಮುಂದಿನ ಸೋಮವಾರ ಗಾಡಿ ತಂದು ಬಿಡು, ತಲೆಯಿಂದ ಬಾಲದವರೆಗೆ ಹೊಸ ವೈರಿಂಗ್ ಮಾಡಿಕೊಡುತ್ತೇನೆ ಎಂದು ನೀವು ಹೇಳಿದ್ದೀರಂತೆ. ಅದಕ್ಕೇ ಪೆನ್ನು ಹಿಡಿದೆ. ಆ ಗಾಡಿಯನ್ನು ನೀವು ಮುಟ್ಟಕೂಡದು.

ಏನಾಗಿತ್ತು ಎಂದು ನಿಮಗೆ ಅವಳು ಹೇಳಿರುವುದು ಅರ್ಧ. ನೀವು ನೊಂದುಕೊಳ್ಳುತ್ತೀರೆಂದು ಅವಳು ಯಾವಾಗಲೂ ಅರ್ಧವನ್ನೇ ಹೇಳುವುದು. ಉಳಿದರ್ಧವನ್ನು ನಾನು ಹೇಳುತ್ತೇನೆ.

ಅವಳ ಕೆಲಸ ನಿಮಗೆ ಗೊತ್ತೇ ಇದೆ. ಜನ ಬರೀ ಹೊಟ್ಟೆಯಲ್ಲಿರುವಾಗಲೇ ಮನೆಮನೆಗೆ ಹೋಗಿ ರಕ್ತದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಬೆಳಕು ಹರಿಯುವ ಮುಂಚೆ ಹೊರಡಬೇಕು. ಮೊನ್ನೆ ಶನಿವಾರ ಹಾಗೆ ವಾಪಸ್ ಬರುವಾಗ ದೊಡ್ಡ ರಸ್ತೆಯ ತಿರುವಿನಲ್ಲಿ ಸೀಟಿನ ಕೆಳಗಿಂದ ಹೊಗೆ ಬಂದಿದೆ. ಏನಿದು ಎಂದು ಬಗ್ಗುವಷ್ಟರಲ್ಲಿ ದೀಪ, ಹಾರ್ನು, ಎಂಜಿನ್ನು ಎಲ್ಲವೂ ಒಟ್ಟಿಗೆ ಹೋದವು. ಹಿಂದೆ ಲಾರಿ. ‘ಅವನಿಗೆ ನಾನು ಕಾಣ್ಲೇ ಇಲ್ಲಮ್ಮ’ ಎಂದಳು. ಗಾಡಿಯನ್ನು ಎಳೆದುಕೊಂಡು ರಸ್ತೆಯ ಅಂಚಿಗೆ ಬಿದ್ದಿದ್ದಾಳೆ. ಲಾರಿಯ ಗಾಳಿ ಬೆನ್ನಿಗೆ ಬಡಿಯಿತಂತೆ. ಅಲ್ಲಿಂದ ಹತ್ತಿರವಿದ್ದದ್ದು ನನ್ನ ಕೋಣೆ, ಅದಕ್ಕೇ ನೂಕಿಕೊಂಡು ಇಲ್ಲಿಗೆ ಬಂದಳು. ನೀವು ಹತ್ತಿರವಿದ್ದಿದ್ದರೆ ನಿಮ್ಮಲ್ಲಿಗೇ ಬರುತ್ತಿದ್ದಳು, ಅದನ್ನೂ ಅವಳೇ ಹೇಳಿದಳು. ಮೊಣಕೈ ತರಚಿತ್ತು. ಮಾದರಿಯ ಪೆಟ್ಟಿಗೆಯನ್ನು ಮಾತ್ರ ಮಗುವಿನ ಹಾಗೆ ಅಪ್ಪಿಕೊಂಡಿದ್ದಳು.

ಅವಳು ಬಾಡಿಗೆ ಗಾಡಿ ಹಿಡಿದು ಮಾದರಿಗಳನ್ನು ಮುಟ್ಟಿಸಿ, ಶಾಲೆಗೆ ರಜೆಯೆಂದು ಮಗನನ್ನೂ ಕರೆದುಕೊಂಡು ವಾಪಸ್ ಬರುವಷ್ಟರಲ್ಲಿ ನಾನು ಸೀಟು ಬಿಚ್ಚಿದ್ದೆ. ಕೆಳಗೆ ದರ್ಜಿ ಅಕ್ಕನ ಅಂಗಡಿಯ ಮೆಟ್ಟಿಲ ಪಕ್ಕ, ಒಳ್ಳೆಯ ಬಿಸಿಲಿನಲ್ಲಿ. ನಿಮ್ಮ ಟೆಸ್ಟ್ ಲ್ಯಾಂಪು ನನ್ನ ಹತ್ತಿರವೇ ಇದೆ. ಅದು ಕಳೆದುಹೋಯಿತೆಂದು ಗ್ಯಾರೇಜು ತಲೆಕೆಳಗು ಮಾಡಿ ಹುಡುಕಿದಿರಂತೆ. ಆ ಹಳೇ ಬಲ್ಬಿಗೆ ಎರಡು ವೈರು ಬೆಸೆದು ಅದನ್ನು ಮಾಡಿದ್ದು ನಾನು. ಮನೆ ಬಿಟ್ಟಾಗ ನಾನು ತಂದ ವಸ್ತು ಅದೊಂದೇ.

ಮೊದಲು ಕಂಡದ್ದು ಫ್ಯೂಸಿನ ಜಾಗದಲ್ಲಿ ಇದ್ದದ್ದು. ಅಲ್ಲಿ ಫ್ಯೂಸ್ ಇರಲಿಲ್ಲ. ದಪ್ಪ ತಾಮ್ರದ ಎಳೆಯನ್ನು ಎರಡು ಸುತ್ತು ಸುತ್ತಿ, ಮೇಲೆ ಟೇಪು ಅಂಟಿಸಿದ್ದಿರಿ. ಟೇಪಿನ ತುದಿ ಒಳಕ್ಕೆ ಮಡಚಿತ್ತು. ಹಾಗೆ ಮಡಚುವವರು ಈ ಭೂಮಿಯ ಮೇಲೆ ನೀವೊಬ್ಬರೇ.

ಮೇಷ್ಟ್ರೇ, ಗ್ಯಾರೇಜಿಗೆ ಬಂದವರಿಗೆಲ್ಲ ಭಾಷಣ ಬಿಗಿಯುತ್ತಿದ್ದವರು ಯಾರು? ಫ್ಯೂಸ್ ಸುಟ್ಟರೆ ಅದನ್ನು ಬೈಯಬೇಡಿ, ನಿಮ್ಮನ್ನು ಉಳಿಸಿ ತಾನು ಸತ್ತಿದೆ, ಯಾಕೆ ಸತ್ತಿತು ಎಂದು ಮೊದಲು ಹುಡುಕಿ ಎನ್ನುತ್ತಿದ್ದವರು ಯಾರು? ಒಬ್ಬ ಹುಂಬ ಸಿಗರೇಟು ಪೊಟ್ಟಣದ ಬೇಗಡೆ ಕಾಗದ ಸುತ್ತಿ ಗಾಡಿ ತಂದಾಗ ನೀವು ಅವನ ಕೊರಳಪಟ್ಟಿ ಹಿಡಿದಿದ್ದಿರಿ. ಪೆಟ್ರೋಲ್ ಟ್ಯಾಂಕಿನ ಕೆಳಗೆ ಕೊಳ್ಳಿ ಇಟ್ಟುಕೊಂಡು ಓಡಾಡ್ತಿದ್ದೀಯಲ್ಲೋ, ಮನೇಲಿ ಹೆಂಡ್ತಿ ಮಕ್ಕಳು ಇಲ್ವಾ ಎಂದು ಕೂಗಾಡಿದ್ದಿರಿ. ಈಗ ಅದೇ ಕೊಳ್ಳಿಯನ್ನು ಮಗಳ ಗಾಡಿಗೇ ಇಟ್ಟಿರಿ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರಿದ್ದಾರೆ ಎಂದು ಕೇಳಿದ್ದೆ. ಸ್ವಂತ ಮಗಳನ್ನೇ ತಳ್ಳಿ ನೋಡಿದವರನ್ನು ಈಗ ಕಂಡೆ.

ಯಾಕೆ ಹಾಗೆ ಮಾಡಿದಿರಿ ಎಂದು ನನಗೆ ಗೊತ್ತು. ಗಾಡಿ ಮತ್ತೆ ಮತ್ತೆ ನಿಮ್ಮ ಬಾಗಿಲಿಗೆ ಬರುತ್ತಿತ್ತು. ಫ್ಯೂಸ್ ಹೋಗಿದೆ ಅಪ್ಪಾ ಎಂದು ಬಂದಾಗಲೆಲ್ಲ ನೀವು ಒಂದೊಂದು ಹೊಸದು ಹಾಕಿದಿರಿ. ಮೊದಲು ಬ್ಯಾಟರಿ, ಆಮೇಲೆ ರೆಗ್ಯುಲೇಟರು, ಆಮೇಲೆ ಬೀಗದ ಸ್ವಿಚ್ಚು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಿಡಿ ಮೇಷ್ಟ್ರ ಮಗಳ ಗಾಡಿಯೇ ನಿಂತುಹೋಗುತ್ತದಂತೆ ಎಂದು ಎದುರಿನ ಟೈರ್ ಅಂಗಡಿಯವನು ನಗುವ ಮುಂಚೆ ಅದು ಬರುವುದು ನಿಲ್ಲಬೇಕಿತ್ತು. ಫ್ಯೂಸೇ ಇಲ್ಲದಿದ್ದರೆ ಫ್ಯೂಸ್ ಹೋಗುವುದೆಲ್ಲಿಂದ ಬಂತು, ಅಲ್ಲವೇ?

ನಾನು ತಾಮ್ರ ಕಿತ್ತು, ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದ ವೈರುಗಳನ್ನು ಬಿಡಿಸಿ, ಸುಟ್ಟಷ್ಟು ಭಾಗ ಬದಲಿಸಿ, ಸರಿಯಾದ ಫ್ಯೂಸ್ ಹಾಕಿದೆ. ಎಲ್ಲ ಉರಿಯಿತು. ಹ್ಯಾಂಡಲನ್ನು ಆ ಕಡೆ ಈ ಕಡೆ ತಿರುಗಿಸಿದೆ, ಬ್ರೇಕ್ ತುಳಿದೆ, ಹಾರ್ನ್ ಒತ್ತಿದೆ. ಫ್ಯೂಸ್ ಗಟ್ಟಿಯಾಗಿ ಕೂತಿತ್ತು. ನಿಮ್ಮ ಅಂಗಡಿಯಲ್ಲೂ ಹೀಗೇ ಆಗಿರಬೇಕು, ನಿಂತ ಗಾಡಿ ಯಾವಾಗಲೂ ಸಂಭಾವಿತ. ಆಗ ನಿಮ್ಮದೇ ಮಾತು ನೆನಪಾಯಿತು. ಎಲ್ಲಿ ಕೆಟ್ಟಿದೆ ಎಂದು ಗಾಡಿಯನ್ನು ಕೇಳಬೇಡ, ಯಾವಾಗ ಕೆಡುತ್ತದೆ ಎಂದು ಓಡಿಸುವವರನ್ನು ಕೇಳು. ಮಗಳನ್ನು ಕೇಳಿದೆ. ಅವಳು ಯೋಚನೆ ಮಾಡಿ, ‘ಹೋಗುವಾಗ ಯಾವತ್ತೂ ಆಗಿಲ್ಲಮ್ಮ, ವಾಪಸ್ ಬರುವಾಗಲೇ’ ಎಂದಳು. ಅಪ್ಪ ಇದನ್ನು ಕೇಳಲಿಲ್ಲವೇ ಎಂದೆ. ‘ಅಪ್ಪ ಏನೂ ಕೇಳಲ್ಲ, ಗಾಡಿ ಬಿಟ್ಟು ಹೋಗು ಅಂತಾರೆ ಅಷ್ಟೆ’ ಎಂದಳು. ನಿಮಗೆ ಈಗ ಪ್ರಶ್ನೆ ಕೇಳಲೂ ಹೆದರಿಕೆ.

ವಾಪಸ್ ಬರುವಾಗ ಹಿಂದಿನ ಪೆಟ್ಟಿಗೆ ತುಂಬಿರುತ್ತದೆ, ಮಾದರಿಯ ಜೊತೆ ಮಂಜುಗಡ್ಡೆಯ ಭಾರ. ನಿಮ್ಮ ಹತ್ತಿರ ಬಿಡುವಾಗ ಅವಳು ಪೆಟ್ಟಿಗೆ ಬಿಚ್ಚಿ ಬಿಡುತ್ತಾಳೆ, ಹಾಗಾಗಿ ನಿಮ್ಮಲ್ಲಿ ಯಾವತ್ತೂ ಕೆಡಲಿಲ್ಲ. ನಾನು ಪೆಟ್ಟಿಗೆಗೆ ನೀರಿನ ಬಾಟಲಿ ತುಂಬಿ, ಅವಳನ್ನು ಸೀಟಿನ ಮೇಲೆ ಕೂರಿಸಿ, ಹಿಂದಿನಿಂದ ಜೋರಾಗಿ ಅದುಮಿ ಕುಲುಕಿಸಿದೆ. ಟಪ್ ಎಂದು ಫ್ಯೂಸ್ ಹೋಯಿತು. ಮಗಳು ಚಪ್ಪಾಳೆ ತಟ್ಟಿದಳು. ದರ್ಜಿ ಅಕ್ಕ ಹೊಲಿಗೆ ನಿಲ್ಲಿಸಿ ಬಂದು ನೋಡಿದಳು. ನನಗೂ ಆ ಕ್ಷಣಕ್ಕೆ ವಯಸ್ಸು ಇಳಿದ ಹಾಗಾಯಿತು, ಸುಳ್ಳು ಹೇಳಲಾರೆ.

ಆಮೇಲೆ ಬೆರಳು ತಾನಾಗಿ ನಂಬರ್ ಫಲಕದ ಮೇಲಿನ ಪುಟ್ಟ ದೀಪಕ್ಕೆ ಹೋಯಿತು. ಹಳೆಯದು ಗೋಡೆಗೆ ತಗುಲಿ ಒಡೆದಿದ್ದಕ್ಕೆ ನೀವು ಹೊಸದು ಹಾಕಿಕೊಟ್ಟಿದ್ದಿರಂತೆ. ಕಾಟ ಶುರುವಾದದ್ದೂ ಅದಾದ ಮೇಲೆಯೇ. ದೀಪಕ್ಕೆ ಎರಡು ವೈರು. ಕಂದು ಬಣ್ಣದ್ದು ಕರೆಂಟು ತರುತ್ತದೆ, ಹಸಿರು ಬಣ್ಣದ್ದು ದೀಪದ ತಗಡಿನ ಮೈಯಿಂದ ವಾಪಸ್ ಒಯ್ಯುತ್ತದೆ. ನೀವು ಕಂದನ್ನು ಹಸಿರಿಗೂ ಹಸಿರನ್ನು ಕಂದಿಗೂ ಬೆಸೆದಿದ್ದಿರಿ. ಬಲ್ಬಿಗೆ ಅದೆಲ್ಲ ಲೆಕ್ಕವಿಲ್ಲ, ಯಾವ ಕಡೆಯಿಂದ ಕೊಟ್ಟರೂ ಉರಿಯುತ್ತದೆ. ಉರಿದದ್ದು ನೋಡಿ ನೀವು ನಿಟ್ಟುಸಿರು ಬಿಟ್ಟಿರಬೇಕು. ಆದರೆ ದೀಪದ ತಗಡಿನ ಮೈಗೆಲ್ಲ ಕರೆಂಟು ಹರಿಯಿತು. ರಬ್ಬರಿನ ಮೇಲೆ ಕೂತಿರುವವರೆಗೆ ಸುಮ್ಮನಿತ್ತು. ಪೆಟ್ಟಿಗೆಯ ಭಾರಕ್ಕೆ ಜಗ್ಗಿ, ಗುಂಡಿಗೆ ಹಾರಿ, ಆ ತಗಡು ಗಾಡಿಯ ಮೈಗೆ ತಾಗಿದಾಗಲೆಲ್ಲ ಫ್ಯೂಸ್ ಪ್ರಾಣ ಕೊಡುತ್ತಿತ್ತು. ಕೊನೆಗೆ ಪ್ರಾಣ ಕೊಡಲು ಫ್ಯೂಸ್ ಇರಲಿಲ್ಲ, ವೈರುಗಳೇ ಬೆಂದವು.

ಕಂದು ಮತ್ತು ಹಸಿರು. ಬೇರೆ ಯಾವ ಮೇಷ್ಟ್ರೂ ಮಾಡದ ತಪ್ಪು. ನಿಮಗೆ ಮಾತ್ರ ಅವೆರಡೂ ಒಂದೇ.

ಮದುವೆಯಾದ ಹೊಸತರಲ್ಲಿ ನನಗೆ ಶಾಲು ತಂದಿದ್ದಿರಲ್ಲ, ‘ನಿನಗೆ ಇಷ್ಟ ಅಂದಿದ್ಯಲ್ಲ, ಎಲೆ ಹಸಿರು’ ಎಂದು. ಅದು ಕೆಸರಿನ ಬಣ್ಣದ್ದಾಗಿತ್ತು. ಅಂಗಡಿಯವನು ಮೋಸ ಮಾಡಿದನೆಂದುಕೊಂಡು ನಾನು ಏನೂ ಹೇಳದೆ ಹೊದ್ದುಕೊಂಡೆ. ಆಮೇಲೆ ಒಂದು ದಿನ ಗ್ಯಾರೇಜಿಗೆ ಊಟದ ಡಬ್ಬಿ ತಂದಾಗ ನೀವು ಒಂದು ವೈರಿನ ಗೊಂಚಲು ಹಿಡಿದು ಬೆವರುತ್ತ ಕೂತಿದ್ದಿರಿ. ಕೆಂಪು ಹುಡುಕ್ತಿದ್ದೀರಾ, ಇಲ್ಲೇ ಇದೆಯಲ್ಲ ಎಂದು ನಾನು ಎತ್ತಿ ಕೊಟ್ಟೆ. ನೀವು ನನ್ನ ಮುಖವನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ಆ ದಿನ ಬಾಗಿಲು ಹಾಕಿ ಎಲ್ಲ ಹೇಳಿದಿರಿ. ಚಿಕ್ಕಂದಿನಿಂದ ಹೀಗೇ ಎಂದಿರಿ. ಯಾರಿಗೂ ಹೇಳಬೇಡ, ಬಣ್ಣ ಕಾಣದ ಕರೆಂಟು ಕೆಲಸದವನ ಹತ್ತಿರ ಯಾರು ಗಾಡಿ ಬಿಡುತ್ತಾರೆ ಎಂದು ಅತ್ತಿರಿ. ನಿಮ್ಮ ತಲೆಯ ಮೇಲೆ ನನ್ನ ಕೈ ಇರಿಸಿ ಆಣೆ ಮಾಡಿಸಿಕೊಂಡಿರಿ.

ಅಂದಿನಿಂದ ನಾನು ಸ್ಟೂಲು ಹಾಕಿ ನಿಮ್ಮ ಪಕ್ಕ ಕೂತೆ. ಜನ ಸುತ್ತ ನಿಂತಿದ್ದಾಗ ಬಣ್ಣದ ಹೆಸರು ಎತ್ತುವ ಹಾಗಿರಲಿಲ್ಲ. ನಾನು ಇದು ಬಿಡಿ, ಅದು ಹಿಡೀರಿ ಎಂದರೆ ನೀವು ‘ಮೇಲಿನದಾ, ಕೆಳಗಿನದಾ?’ ಎಂದು ಕೇಳುತ್ತಿದ್ದಿರಿ. ಕೆಂಪಾ ಹಸಿರಾ ಎಂದು ನೀವು ಒಂದು ದಿನವೂ ಕೇಳಿದವರಲ್ಲ. ಮೇಲಿನದಾ, ಕೆಳಗಿನದಾ, ಎಡಗಡೆದಾ, ಬಲಗಡೆದಾ. ನಾನು ಹೇಳಿದ ಮೇಲೆ ನೀವು ಬಿಳಿ ನೂಲಿನಲ್ಲಿ ವೈರಿಗೆ ಗಂಟು ಕಟ್ಟುತ್ತಿದ್ದಿರಿ. ಒಂದು ಗಂಟು ಕೆಂಪು, ಎರಡು ಗಂಟು ಹಸಿರು, ಮೂರು ಕಂದು. ನೋಡಿದವರು ಮೇಷ್ಟ್ರ ಕೆಲಸ ಎಷ್ಟು ಅಚ್ಚುಕಟ್ಟು, ನೂಲು ಕಟ್ಟಿ ಗುರುತಿಟ್ಟುಕೊಳ್ಳುತ್ತಾರೆ ಎಂದು ಹೊಗಳಿದರು. ನೀವು ನನ್ನನ್ನು ಕಣ್ಣಮ್ಮ ಎಂದು ಕರೆಯುತ್ತಿದ್ದಿರಿ. ಎಲ್ಲರೂ ಅದನ್ನು ಮುದ್ದಿನ ಹೆಸರು ಎಂದುಕೊಂಡರು. ಅದು ನನ್ನ ಹುದ್ದೆಯ ಹೆಸರಾಗಿತ್ತು.

ನಾನು ದೂರುತ್ತಿಲ್ಲ. ಆ ದಿನಗಳು ನನಗೆ ಇಷ್ಟವಿದ್ದವು. ನನ್ನ ಕಣ್ಣು, ನಿಮ್ಮ ಕೈ, ಸಂಜೆಗೆ ಇಬ್ಬರ ಉಗುರಿನಲ್ಲೂ ಒಂದೇ ಕರಿ. ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಗಂಡ ಹೆಂಡಿರ ನಡುವೆ ಇರುವುದು ಎಷ್ಟು ದೊಡ್ಡ ಸುಖ ಎಂದು ಯಾರಿಗೆ ಹೇಳಲಿ?

ಆಮೇಲೆ ನಮಗೆ ಗಾಜಿನ ಬಾಗಿಲಿನ ಹೊಸ ಗ್ಯಾರೇಜು ಬಂತು. ಟೈರ್ ಅಂಗಡಿಯವನು ಗಿರಾಕಿಗಳ ಮುಂದೆ, ‘ಏನ್ ಮೇಷ್ಟ್ರೇ, ಒಂದು ವೈರು ಮುಟ್ಟೋಕೂ ಅಮ್ಮಾವ್ರ ಅಪ್ಪಣೆ ಬೇಕಾ?’ ಎಂದ. ಪಾಪ, ಅವನು ಹೆಂಡತಿಗೆ ಹೆದರುವ ಗಂಡನನ್ನು ಗೇಲಿ ಮಾಡಿದ್ದು, ಅಷ್ಟೆ. ಕುಂಬಳಕಾಯಿ ಕಳ್ಳ ಎಂದರೆ ನೀವು ಹೆಗಲು ಮುಟ್ಟಿ ನೋಡಿಕೊಂಡಿರಿ. ಎಲ್ಲರಿಗಿಂತ ಜೋರಾಗಿ ನಕ್ಕು ನನ್ನ ಕಡೆ ತಿರುಗಿ, ‘ಏ, ಒಳಗೆ ಹೋಗು. ವೈರಿನ ಬಗ್ಗೆ ನಿನಗೇನು ಗೊತ್ತು?’ ಎಂದಿರಿ. ಹೋದೆ. ಸಂಜೆ ಒಂದು ಮಾತು ಹೇಳುತ್ತೀರಿ ಎಂದು ಕಾದೆ. ಹೇಳಲಿಲ್ಲ. ಮರುದಿನ ಬಂದು ನೋಡಿದರೆ ನನ್ನ ಸ್ಟೂಲು ಇರಲಿಲ್ಲ, ಆ ಜಾಗದಲ್ಲಿ ಆಯಿಲ್ ಡಬ್ಬ ಇಟ್ಟಿದ್ದಿರಿ.

ಆ ಡಬ್ಬವನ್ನು ಸರಿಸಿ ಕೂರಬಹುದಿತ್ತೆಂದು ಬಹಳ ಸಲ ಅನ್ನಿಸಿದೆ. ಆದರೆ ನಾನು ಕೂರುವುದಕ್ಕೆ ಅಲ್ಲ, ನೀವು ಕೂರಿಸಿಕೊಳ್ಳಲಿ ಎಂದು ಕಾಯುತ್ತಿದ್ದೆ. ನಾನು ಮನೆ ಬಿಟ್ಟದ್ದು ಯಾಕೆಂದು ಮಗಳು ಕೇಳಿದಾಗ ಆಣೆ ಅಡ್ಡ ಬಂತು. ಅಪ್ಪ ನನ್ನ ಸ್ಟೂಲು ತೆಗೆದರು ಎಂದಷ್ಟೇ ಹೇಳಿದೆ. ಅವಳಿಗೆ ಅದು ಹೇಗೆ ಕೇಳಿಸಿರಬೇಕು? ಒಂದು ಸ್ಟೂಲಿಗೋಸ್ಕರ ಮನೆ ಬಿಟ್ಟು ಬಂದವಳು ನಮ್ಮಮ್ಮ ಎಂದು ಅಳಿಯನ ಮುಂದೆ ಹೇಳಿ ನಗುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಮಗುವನ್ನು ತಟ್ಟುತ್ತಿದ್ದೆ. ನಿಮ್ಮ ಗುಟ್ಟು ಕಾಯಲು ಹೋಗಿ ಮಗಳ ಕಣ್ಣಲ್ಲಿ ಸಣ್ಣವಳಾದೆ. ಕಾದವಳು ಕೆಟ್ಟವಳು, ಕದ್ದು ಕೂತವರು ಮೇಷ್ಟ್ರು.

ಶನಿವಾರ ಸಂಜೆ ಕೆಲಸ ಮುಗಿಸಿ ಕೈ ತೊಳೆಯುವಾಗ ಅವಳು, ‘ಇದೆಲ್ಲ ಅಪ್ಪ ಹೇಳ್ಕೊಟ್ರಾ ಅಮ್ಮಾ?’ ಎಂದು ನನ್ನನ್ನೂ ಕೇಳಿದಳು. ನಾಲಿಗೆ ತುದಿಗೆ ಬಂದಿತ್ತು. ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ನಾನು ಉತ್ತರ ಕೊಡಲಿಲ್ಲವೆಂದೇ ಅವಳು ನಿಮಗೆ ಫೋನ್ ಮಾಡಿದ್ದು. ನಾನು ಆಣೆಗೆ ಕಟ್ಟುಬಿದ್ದು ಬಾಯಿ ಮುಚ್ಚಿದೆ, ಆ ಜಾಗದಲ್ಲಿ ನೀವು ಸುಳ್ಳು ತುಂಬಿದಿರಿ. ಒಂದು ಕ್ಷಣ ಸುಮ್ಮನಿದ್ದು ಹೇಳಿದಿರಿ ಎಂದಳಲ್ಲ. ಆ ಒಂದು ಕ್ಷಣದಲ್ಲಿ ನಿಜ ಹೇಳಬಹುದಿತ್ತು ನೀವು.

ಇನ್ನು ಕೇಳಿ. ಸೋಮವಾರ ಗಾಡಿ ಬರುವುದಿಲ್ಲ. ಅವಳಿಗೆ ನಾನು ಕಾರಣ ಹೇಳಿಲ್ಲ, ಕೆಲಸ ಇನ್ನೂ ಬಾಕಿ ಇದೆ ಎಂದು ಬೀಗದ ಕೈ ಇಟ್ಟುಕೊಂಡಿದ್ದೇನೆ. ಹೀಗೆ ಎಷ್ಟು ದಿನ ಇಟ್ಟುಕೊಳ್ಳಲಿ? ಅವಳ ಗಾಡಿಯೊಂದೇ ಅಲ್ಲ. ನಾನು ಮನೆ ಬಿಟ್ಟು ಬಂದ ಮೇಲೆ ನೀವು ವೈರು ಬದಲಿಸಿದ ಗಾಡಿಗಳೆಲ್ಲ ರಸ್ತೆಯಲ್ಲಿ ಓಡುತ್ತಿವೆ. ಅದರಲ್ಲಿ ಎಷ್ಟಕ್ಕೆ ತಾಮ್ರ ಸುತ್ತಿದ್ದೀರಿ ಎಂದು ನಿಮಗೆ ಮಾತ್ರ ಗೊತ್ತು. ಒಬ್ಬೊಬ್ಬರನ್ನೇ ಕರೆಸಿ ಬಿಚ್ಚಿ ನೋಡಿ. ಪಕ್ಕದಲ್ಲಿ ಬಣ್ಣ ಕಾಣುವ ಯಾರನ್ನಾದರೂ ಕೂರಿಸಿಕೊಳ್ಳಿ. ನಾನು ಬರುವುದಿಲ್ಲ. ಕೈಮುಗಿದು ಕರೆದರೂ ಬರುವುದಿಲ್ಲ, ನೀವು ಕರೆಯುವವರೂ ಅಲ್ಲ.

ಬಣ್ಣ ಕಾಣದಿರುವುದು ತಪ್ಪಲ್ಲ ಎಂದು ಆಗಲೇ ನಿಮಗೆ ಗಟ್ಟಿಯಾಗಿ ಹೇಳಬೇಕಿತ್ತು. ನಿಮ್ಮ ಹಾಗೆ ಕಿವಿಯಿಟ್ಟು ಎಂಜಿನ್ನಿನ ನಾಡಿ ಹಿಡಿಯುವವರನ್ನು ನಾನು ಬೇರೆ ಕಂಡಿಲ್ಲ. ನನ್ನ ಕಣ್ಣಿಗೆ ಬಣ್ಣ ಕಾಣೋದಿಲ್ಲ, ನನ್ನ ಹೆಂಡತಿ ನೋಡಿ ಹೇಳ್ತಾಳೆ ಎಂದು ಫಲಕ ಬರೆಸಿ ಹಾಕಿದ್ದರೂ ಜನ ಬರುತ್ತಿದ್ದರು. ಎರಡೂ ಕುರ್ಚಿಗೆ ಗೌರವ ಇರುತ್ತಿತ್ತು. ಈಗ ಅದೆಲ್ಲ ಸುಟ್ಟ ವೈರು, ಬೆಸೆದರೆ ಕೂರುವುದಿಲ್ಲ.

ಮುಂದಿನ ಭಾನುವಾರದವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನೀವೇ ಮಗಳ ಮನೆಗೆ ಹೋಗಿ ನಿಮ್ಮ ಬಾಯಿಂದ ಹೇಳಬೇಕು. ಕಣ್ಣಿನ ವಿಷಯ, ಸ್ಟೂಲಿನ ವಿಷಯ, ತಾಮ್ರದ ವಿಷಯ, ಮೂರನ್ನೂ. ಇಲ್ಲದಿದ್ದರೆ ನಾನು ಹೇಳುತ್ತೇನೆ. ನಿಮ್ಮ ತಲೆಯ ಮೇಲೆ ಮಾಡಿದ ಆಣೆ ಎನ್ನುತ್ತೀರಿ. ಮಗಳ ತಲೆಗಿಂತ ಅದು ದೊಡ್ಡದಲ್ಲ.

ಉತ್ತರ ಬರೆಯುವುದು ಬೇಡ.

ಇಂತಿ,
ಒಂದು ಕಾಲದ ಕಣ್ಣಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗದೆ ಕೊನೆಗೆ ಉಳಿಸಿಕೊಂಡೆ. ಶನಿವಾರ ಕೆಲಸ ಮಾಡುವಾಗ ಮೊಮ್ಮಗ ನನ್ನ ಪಕ್ಕ ಕೂತಿದ್ದ. ಟೇಪಿನ ಸುರುಳಿಗಳನ್ನು ಒಂದರ ಮೇಲೊಂದು ಇಟ್ಟಿದ್ದೆ. ಕೆಂಪು ಕೊಡಪ್ಪ ಎಂದೆ. ಅವನು ಕೈ ಮುಂದೆ ಚಾಚಿ, ನಿಲ್ಲಿಸಿ, ನನ್ನ ಮುಖ ನೋಡಿ, ‘ಮೇಲಿನದಾ ಅಜ್ಜಿ, ಕೆಳಗಿನದಾ?’ ಎಂದ. ಮೇಲಿನದು ಎಂದುಬಿಟ್ಟೆ. ಅವನಿಗೆ ಇದನ್ನು ಯಾರೂ ಕಲಿಸಿಲ್ಲ, ನಾಚಿಕೆ ತಾನೇ ಕಲಿಸಿದೆ. ಚಿತ್ರದಲ್ಲಿ ಎಲೆಗೆಲ್ಲ ಕಂದು ಬಳಿಯುತ್ತಾನೆ, ಗಮನವೇ ಇಲ್ಲ, ಶಾಲೆಯಲ್ಲಿ ದಿನಾ ಬೈಸಿಕೊಳ್ಳುತ್ತಾನೆ ಎಂದು ಅವನಮ್ಮ ಅವನೆದುರಿಗೇ ಹೇಳಿದಳು. ಅವನು ತಲೆ ತಗ್ಗಿಸಿಕೊಂಡು ಟೇಪು ಸುತ್ತುತ್ತಿದ್ದ. ಕನ್ನಡಕದ ಅಂಗಡಿಯಲ್ಲಿ ಕೇಳಿದೆ, ಇದು ತಾತನಿಂದ ಮಗಳ ಕಣ್ಣಿಗೆ ತಾಗದೆ ದಾಟಿ ಮೊಮ್ಮಗನಿಗೆ ಬರುತ್ತದಂತೆ. ಅವನು ಬಿಟ್ಟುಹೋದ ಬಣ್ಣದ ಪೆನ್ಸಿಲುಗಳು ಈಗ ನನ್ನ ಮುಂದಿವೆ. ಗಂಟು ಕಟ್ಟಿಕೊಡೋಣವೆಂದು ಬಿಳಿ ನೂಲು ಕತ್ತರಿಸಿದೆ. ಒಂದು ಗಂಟು ಕೆಂಪು, ಎರಡು ಗಂಟು ಹಸಿರು. ಆಮೇಲೆ ನೂಲು ಕೆಳಗಿಟ್ಟೆ. ಒಬ್ಬರಿಗೆ ಕಟ್ಟಿಕೊಟ್ಟು ನೋಡಿದ್ದು ಸಾಕು. ಮಗಳ ಮನೆಗೆ ಹೋದಾಗ ನೀವು ಅವನೆದುರು ಕೂತು, ನನಗೂ ಕಾಣೋದಿಲ್ಲ ಕಣೋ ಎಂದು ಹೇಳಬೇಕು. ಆ ಮಾತು ನಾನು ಹೇಳಿದರೆ ನಡೆಯುವುದಿಲ್ಲ, ನನಗೆ ಎಲ್ಲ ಬಣ್ಣವೂ ಕಾಣುತ್ತದೆ.